ಹಳೇ ಮಜ್ದಾ ಕಾರನ್ನು 25 ಮಿಲಿಮೀಟರ್ ತಗ್ಗಿಸಿದ್ದು

ಗೋವಾದ ವಾಸ್ಕೋದಲ್ಲಿ ನಮ್ಮ ಬಿಲ್ಡಿಂಗಿನ ಗೇಟಿನ ಎದುರಿಗೇ ಒಂದು ಹಂಪ್ ಇದೆ. ಡಾಂಬರು ಸುರುವಿ ಸಲಿಕೆಯಿಂದ ತಟ್ಟಿಬಿಟ್ಟಂತೆ ಒಂದು ಬದಿ ಎತ್ತರ, ಇನ್ನೊಂದು ಬದಿ ತಗ್ಗು. ಕಾರಿನ ಮೈಯನ್ನು ನೆಲಕ್ಕೆ ಇನ್ನಷ್ಟು ಹತ್ತಿರ ತಗ್ಗಿಸಬೇಕು ಅನ್ನಿಸಿದ ದಿನ ಸ್ಪ್ರಿಂಗಿನ ಬೆಲೆ ನೋಡುವುದಕ್ಕೂ ಮೊದಲು ಟೇಪು ಹಿಡಿದು ಆ ಹಂಪನ್ನು ಅಳೆದೆ. ಎತ್ತರದ ಬದಿ 110 ಮಿ.ಮೀ. ಮುಂದೆ ಯಾವ ಸಾಮಾನು ಬೇಕು, ಯಾವುದು ಬೇಡ ಎಂಬ ಲೆಕ್ಕವೆಲ್ಲ ಈ ಅಳತೆಯ ಮೇಲೆಯೇ ನಿಂತಿತು.

ನನ್ನದು 1992ರ ಮಜ್ದಾ ಎಂಎಕ್ಸ್-5, 1.6 ಲೀಟರ್ ಎಂಜಿನ್. ಮಿಯಾಟಾ ಎಂಬ ಹೆಸರಿನಿಂದಲೇ ಹೆಚ್ಚು ಜನ ಬಲ್ಲರು. ನಮ್ಮ ಕಡೆ ಮಜ್ದಾ ಅಂದರೆ ಈಗಲೂ ಸ್ವರಾಜ್ ಮಜ್ದಾ ಮಿನಿ ಬಸ್ಸೇ ನೆನಪಿಗೆ ಬರುವುದು. 1989ರಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಂಡ ಈ ಗಾಡಿಗೆ ಎರಡೇ ಸೀಟು, ತೂಕ ಟನ್ನಿಗಿಂತ ಕಡಿಮೆ, ಎಂಜಿನ್ ಮುಂದೆ, ಓಡಿಸುವುದು ಹಿಂದಿನ ಚಕ್ರ. ನಾಲ್ಕೂ ಮೂಲೆಗೆ ಡಬಲ್ ವಿಶ್‌ಬೋನ್, ಅಂದರೆ ಪ್ರತಿ ಚಕ್ರವನ್ನು ಹಿಡಿದಿರುವುದು ಮೇಲೊಂದು ಕೆಳಗೊಂದು ಆರ್ಮ್ (ತೋಳು). ಬ್ರಿಟನ್ನಿನಲ್ಲಿ ಕೆಲಸದಲ್ಲಿದ್ದವರೊಬ್ಬರು ಊರಿಗೆ ಮರಳುವಾಗ ತಂದದ್ದು, ಆಮೇಲೆ ನನ್ನ ಕೈಗೆ ಬಂತು. ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್‌ಗಳಿಗೆ ಮೂವತ್ತು ವರ್ಷ ದಾಟಿತ್ತು, ಅವುಗಳಲ್ಲಿ ಜೀವವೇ ಇರಲಿಲ್ಲ. ಬೆಳಗಾವಿಗೆ ಹೋಗುವಾಗ ಚೋರ್ಲಾ ಘಾಟಿನ ತಿರುವುಗಳಲ್ಲಿ ಹಿಂಭಾಗ ದೋಣಿಯಂತೆ ತೇಲುತ್ತಿತ್ತು. ಹೇಗೂ ಬದಲಿಸಬೇಕು, ಹಾಗಾದರೆ ಕೊಂಚ ತಗ್ಗಿಸಿಯೇ ಕೂರಿಸೋಣ ಎಂದುಕೊಂಡೆ.

ಎಲ್ಲರೂ ಕೇಳುವುದು ಒಂದೇ: ಎಷ್ಟು ತಗ್ಗಿಸಿದ್ರಿ? ಅದಕ್ಕಿಂತ ಮೊದಲು ಕೇಳಬೇಕಾದದ್ದು, ಚಕ್ರ ಮೇಲೆ ಹೋಗಲು ಎಷ್ಟು ಜಾಗ ಉಳಿಯುತ್ತದೆ ಎಂದು. ಇದನ್ನು ನೋಡಲು ಸುಲಭದ ಉಪಾಯವಿದೆ. ಶಾಕ್‌ನ ಧೂಳಿನ ಕವಚ ಮೇಲೆತ್ತಿ, ಹೊಳೆಯುವ ರಾಡಿಗೆ ಒಂದು ಪ್ಲಾಸ್ಟಿಕ್ ಕೇಬಲ್ ಟೈ ಬಿಗಿದು, ಶಾಕ್‌ನ ದೇಹಕ್ಕೆ ತಾಗುವ ಹಾಗೆ ಕೆಳಗೆ ಸರಿಸಿಡಬೇಕು. ಹಂಪ್ ದಾಟಿ ಬಂದು ನೋಡಿದರೆ ಅದು ಎಷ್ಟು ಮೇಲೆ ಹೋಗಿದೆಯೋ ಅಷ್ಟು ಜಾಗ ಬಳಕೆಯಾಗಿದೆ. ನನ್ನ ಕಾರಿನಲ್ಲಿ, ಇನ್ನೂ ತಗ್ಗಿಸುವ ಮೊದಲೇ, ಟೈ ಹೋಗಿ, ಶಾಕ್ ತುದಿಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೆ ಒತ್ತಿಕೊಂಡಿತ್ತು. ಕಾರು ಸುಮ್ಮನೆ ನಿಂತಾಗ ರಬ್ಬರಿಗೂ ಶಾಕಿಗೂ ನಡುವೆ ಇದ್ದದ್ದು ಎರಡು ಬೆರಳಿನಷ್ಟು ಸಂದು. ಅದರಲ್ಲಿ 50 ಮಿ.ಮೀ. ತಗ್ಗಿಸಿದರೆ ಉಳಿಯುವುದೇನು? ಸ್ಪ್ರಿಂಗ್ ಕೆಲಸ ನಿಲ್ಲಿಸಿ ಗಾಡಿ ರಬ್ಬರಿನ ಮೇಲೆ ಕೂರುತ್ತದೆ. ತಿರುವಿನ ಮಧ್ಯೆ ಮುಂದಿನ ರಬ್ಬರು ಒತ್ತಿಕೊಂಡರೆ ಮೂತಿ ಹೊರಕ್ಕೆ ಜಾರುತ್ತದೆ, ಹಿಂದಿನದು ಒತ್ತಿಕೊಂಡರೆ ಬಾಲ ಸರ್ರನೆ ಸರಿಯುತ್ತದೆ. ಘಾಟಿನಲ್ಲಿ, ಅದೂ ಮಳೆಯಲ್ಲಿ, ಇದು ಜೀವದ ಪ್ರಶ್ನೆ. ಇನ್ನೊಂದು ತೊಂದರೆಯೂ ಇದೆ: ಬಹಳ ತಗ್ಗಿದರೆ ಕೆಳಗಿನ ಆರ್ಮ್‌ಗಳು ಮೇಲ್ಮುಖವಾಗಿ ಓರೆಯಾಗಿ, ತಿರುವಿನಲ್ಲಿ ಬಾಡಿ ವಾಲಲು ಇನ್ನಷ್ಟು ಎಡೆ ಸಿಗುತ್ತದೆ. ತಗ್ಗಿಸಿದ ಉದ್ದೇಶವೇ ಕೆಡುತ್ತದೆ.

ಮಿಸ್ತ್ರಿ ಗದಗಿನ ಕಡೆಯವರು, ವಾಸ್ಕೋದಲ್ಲೇ ಗ್ಯಾರೇಜು. ಅವರು ಮೊದಲು ಅಂದದ್ದು, "ಸಾಹೇಬ್ರ, ಸ್ಪ್ರಿಂಗ್ ಒಂದ್ ಸುತ್ತು ಕೊಯ್ದ್ರ ಆತಲ್ರೀ, ಇಷ್ಟ್ ರೊಕ್ಕಾ ಯಾಕ್ ಸುರೀತೀರಿ?" ಬೇಡವೆಂದೆ. ಕೊಯ್ದ ಸ್ಪ್ರಿಂಗಿನ ತುದಿ ತನ್ನ ಸೀಟಿನಲ್ಲಿ ಸರಿಯಾಗಿ ಕೂರುವುದಿಲ್ಲ, ಚಕ್ರ ಪೂರ್ತಿ ಕೆಳಗಿಳಿದಾಗ ಸಡಿಲಾಗಿ ಜಾಗ ಬಿಟ್ಟು ಸರಿಯಬಹುದು. ಕಡಿಮೆ ಬೆಲೆಯ, ಮೈಮೇಲಿನ ಚೂಡಿಯಿಂದ (ತಿರುಪಿನ ಸುತ್ತು) ಎತ್ತರ ಹೊಂದಿಸುವ ಕಾಯಿಲ್‌ಓವರ್, ಅಂದರೆ ಸ್ಪ್ರಿಂಗ್-ಶಾಕ್ ಜೋಡಿಗಳನ್ನೂ ಬಿಟ್ಟೆ. ಈ ಉಪ್ಪುಗಾಳಿಯಲ್ಲಿ ಆ ಚೂಡಿಗಳು ಎರಡು ಮಳೆಗಾಲ ತಡೆಯಲಾರವು.

ಕೊನೆಗೆ ತರಿಸಿದ್ದು ಐಬಾಕ್ ಕಂಪನಿಯ ಪ್ರೋ-ಕಿಟ್ ಎಂಬ ತಗ್ಗಿಸುವ ಸ್ಪ್ರಿಂಗ್, ಕೋನಿ ಕಂಪನಿಯ ಹಳದಿ ಶಾಕ್. ಸ್ಪ್ರಿಂಗ್ ಕೂರುವ ತಟ್ಟೆಗೆ ಈ ಶಾಕಿನ ಮೈಮೇಲೆ ಒಂದಕ್ಕಿಂತ ಹೆಚ್ಚು ಕಚ್ಚು ಕೊರೆದಿರುತ್ತಾರೆ, ಬೇಕಾದ ಕಚ್ಚಿನಲ್ಲಿ ಕ್ಲಿಪ್ ಹಾಕಿದರಾಯಿತು. ನಾನು ಮೇಲಿನದನ್ನೇ ಆರಿಸಿದೆ. ಇವುಗಳ ಜೊತೆಗೆ ತರಿಸಿದ ಇನ್ನೊಂದು ಸಾಮಾನೇ ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಬಾಳುವುದು: 1998ರಲ್ಲಿ ಬಂದ ಎರಡನೇ ತಲೆಮಾರಿನ ಮಿಯಾಟಾದ ಮೇಲಿನ ಮೌಂಟ್‌ಗಳು, ಅಂದರೆ ಶಾಕಿನ ಮೇಲ್ತುದಿಯನ್ನು ಬಾಡಿಗೆ ಹಿಡಿಸುವ ಭಾಗಗಳು. ಹಳೇ ಗಾಡಿಗೂ ಅವು ಕೂರುತ್ತವೆ, ಶಾಕಿಗೆ ಮೇಲೆ ಹೋಗಲು ಹೆಚ್ಚು ಜಾಗ ಕೊಡುತ್ತವೆ. ಮೆತ್ತಗೆ ಶುರುವಾಗಿ ನಿಧಾನ ಗಟ್ಟಿಯಾಗುವ ಫೋಮಿನ ಬಂಪ್ ಸ್ಟಾಪ್‌ಗಳನ್ನೂ ಸೇರಿಸಿದೆ. ಮಜ್ದಾ ಇಲ್ಲಿ ಕಾರು ಮಾರುವುದಿಲ್ಲ, ಹಾಗಾಗಿ ಎಲ್ಲವೂ ಹೊರದೇಶದಿಂದಲೇ ಬರಬೇಕು, ಸುಂಕ ಕಟ್ಟಬೇಕು. ವಾಹನದ ಮಾರ್ಪಾಡಿನ ಕುರಿತಾದ, ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನು ಇಂಥ ಕೆಲಸಕ್ಕೆ ಇಳಿಯುವವರು ಮೊದಲೇ ಓದಿಕೊಳ್ಳಬೇಕು. ಕೊಯ್ಯುವುದು, ವೆಲ್ಡ್ ಮಾಡುವುದು ಯಾವುದಕ್ಕೂ ನಾನು ಕೈ ಹಾಕಲಿಲ್ಲ, ಹಳೇ ಸ್ಪ್ರಿಂಗ್‌ಗಳನ್ನು ಎಣ್ಣೆ ಸವರಿ ಎತ್ತಿಟ್ಟಿದ್ದೇನೆ.

ದಸರೆ ಮುಗಿದು ಮಳೆ ನಿಂತ ಮೇಲೆ ಕೆಲಸ ಶುರು ಮಾಡಿದೆವು. ಒಂದು ವಾರ ಮೊದಲಿನಿಂದಲೇ ದಿನಾ ಸಂಜೆ ಪ್ರತಿ ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿದ್ದೆ. ಮುಂದಿನ ಎರಡೂ ಬದಿ ಅರ್ಧ ದಿನದಲ್ಲಿ ಬಿಚ್ಚಿಕೊಂಡವು. ಹಿಂದಿನ ಶಾಕ್‌ನ ಮೇಲಿನ ನಟ್ಟುಗಳು ಡಿಕ್ಕಿಯೊಳಗೆ ಕಾರ್ಪೆಟ್ಟಿನ ಹಿಂದೆ ಅಡಗಿರುತ್ತವೆ, ಅವೂ ಬಂದವು.

ಬಾರದೆ ಹೋದದ್ದು ಹಿಂದಿನ ಎಡಗಡೆ ಕೆಳಗಿನ ಆರ್ಮಿನ ಕ್ಯಾಮ್ ಬೋಲ್ಟ್. ಅಲೈನ್‌ಮೆಂಟ್, ಅಂದರೆ ಚಕ್ರದ ಓರೆ ಮತ್ತು ದಿಕ್ಕು ಹೊಂದಿಸುವುದು ಇದರಿಂದಲೇ, ಬಿಟ್ಟು ಮುಂದೆ ಹೋಗುವಂತಿಲ್ಲ. ಪಾನಾ ಹಾಕಿ ತಿರುಗಿಸಿದರೆ ತಲೆ ತಿರುಗುತ್ತಿತ್ತು, ನಮಗೂ ಖುಷಿ. ಪಾನಾ ಬಿಟ್ಟ ಕೂಡಲೇ ಅದು ಮೆಲ್ಲಗೆ ತಾನೇ ವಾಪಸ್ಸು ಬರುತ್ತಿತ್ತು! ಟಾರ್ಚ್ ಹಿಡಿದು ನೋಡಿದಾಗ ತಿಳಿಯಿತು: ಬೋಲ್ಟು, ಆರ್ಮಿನ ಕೀಲಿನಲ್ಲಿ ಕೂರುವ ಬುಷ್ಷಿನೊಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಬೆಸೆದುಹೋಗಿದೆ, ತಿರುಚಿಕೊಳ್ಳುತ್ತಿರುವುದು ಅದರ ಸುತ್ತಲಿನ ರಬ್ಬರು. ಮಿಸ್ತ್ರಿ ಗ್ಯಾಸ್ ಜ್ವಾಲೆ ಹಿಡಿದರು, ರಬ್ಬರು ಹೊಗೆಯಾಡಿತೇ ವಿನಾ ಬೋಲ್ಟು ಕದಲಲಿಲ್ಲ. "ಇದು ಬರಂಗಿಲ್ರೀ, ಕೊಯ್ಯೂದ" ಎಂದು ಅವರೇ ಬ್ಲೇಡ್ ತೆಗೆದರು. ಬ್ರಾಕೆಟ್ಟಿಗೂ ಬುಷ್ಷಿಗೂ ನಡುವೆ ಬ್ಲೇಡಷ್ಟೇ ತೂರುವ ಸಂದು. ಬ್ರಾಕೆಟ್ಟಿಗೆ ಗೀರೂ ಬೀಳದ ಹಾಗೆ, ಮಲಗಿಕೊಂಡೇ, ಎರಡೂ ಬದಿ ಕೊಯ್ದು ಮುಗಿಸಲು ಅವರಿಗೆ ಎರಡು ಗಂಟೆ ಹಿಡಿಯಿತು. ಅಂಥ ಕೈ ಸಿಗುವುದು ಪುಣ್ಯ. ಹೊಸ ಬುಷ್, ಕ್ಯಾಮ್ ಬೋಲ್ಟ್ ಬರುವವರೆಗೆ ಮೂರು ವಾರ ಕಾರು ಸ್ಟ್ಯಾಂಡಿನ ಮೇಲೆಯೇ ನಿಂತಿತ್ತು. ಕರಾವಳಿಯಲ್ಲಿ ಇರುವವರು ಈ ಬೋಲ್ಟ್‌ಗಳನ್ನು ಮೊದಲೇ ತರಿಸಿಟ್ಟುಕೊಳ್ಳಿ.

ಜೋಡಿಸುವುದು ಕಷ್ಟದ್ದಲ್ಲ. ಸ್ಪ್ರಿಂಗ್ ಕಂಪ್ರೆಸರಿನ ಎರಡು ಕೊಕ್ಕೆಗಳನ್ನು ಎದುರುಬದುರಾಗಿ ಹಾಕಿ, ಅತ್ತ ಒಂದು ಸುತ್ತು ಇತ್ತ ಒಂದು ಸುತ್ತು ಸಮನಾಗಿ ಬಿಗಿಯಬೇಕು, ಆಗ ಅದರ ನೇರಕ್ಕೆ ಮುಖ ಇಡಬಾರದು. ಹೊಸ ಬೋಲ್ಟುಗಳಿಗೆಲ್ಲ, ಮತ್ತೆ ತುಕ್ಕಿನಿಂದ ಬೆಸೆಯದಂತೆ, ಆ್ಯಂಟಿ-ಸೀಜ್ ಸವರಿದೆ.

ತಪ್ಪಾದದ್ದು ಕೊನೆಯಲ್ಲಿ, ಅದು ನನ್ನದೇ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಆರ್ಮ್‌ಗಳ ಬೋಲ್ಟುಗಳನ್ನು ಪೂರ್ತಿ ಬಿಗಿದುಬಿಟ್ಟೆ. ಕೆಳಗಿಳಿಸಿ, ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿಗೆ ಅಳೆದರೆ ಮುಂದೆ 340 ಮಿ.ಮೀ. ಮೊದಲು ಇದ್ದದ್ದು 355. 25 ಇಳಿಯಬೇಕಾದದ್ದು ಬರೀ 15 ಇಳಿದಿತ್ತು, ಮೇಲಾಗಿ ಗಾಡಿ ಕಲ್ಲಿನಂತೆ ಗಡುಸು. ಕಾರಣ ಮತ್ತದೇ ಬುಷ್ಷಿನ ರಬ್ಬರು. ತೂಗುವ ಸ್ಥಿತಿಯಲ್ಲಿ ಬಿಗಿದರೆ ಚಕ್ರ ನೆಲಕ್ಕೆ ಬಂದಾಗ ಅದು ತಿರುಚಿಕೊಂಡು ಗಾಡಿಯನ್ನು ಎತ್ತಿ ಹಿಡಿಯುತ್ತದೆ, ಬೇಗ ಹರಿಯುತ್ತದೆ. ಮರುದಿನ ರ‍್ಯಾಂಪಿನ ಮೇಲೆ, ನಾಲ್ಕೂ ಚಕ್ರದ ಮೇಲೆ ಭಾರ ಬಿಟ್ಟು, ಎಲ್ಲ ಸಡಿಲಿಸಿ, ಗಾಡಿಯನ್ನು ನಾಲ್ಕೈದು ಸಲ ಒತ್ತಿ ಕುಣಿಸಿ, ಟಾರ್ಕ್ ಪಾನಾದಿಂದ ಮತ್ತೆ ಬಿಗಿದೆವು. ಮುಂದೆ 330ಕ್ಕೆ ಬಂದು ಕೂತಿತು.

ತಗ್ಗಿಸಿದ ಗಾಡಿಯ ಕ್ಯಾಂಬರ್ (ಎದುರಿನಿಂದ ಕಾಣುವ ಚಕ್ರದ ಓರೆ), ಟೋ (ಮೇಲಿನಿಂದ ನೋಡಿದರೆ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಎರಡೂ ಬದಲಾಗಿರುತ್ತವೆ. ಮೊದಲು ಹೋದ ಅಂಗಡಿಯಲ್ಲಿ ಟೋ ಮಾತ್ರ ಮಾಡುತ್ತೇವೆ ಎಂದರು, ವಾಪಸ್ಸು ಬಂದೆ. ಮಡಗಾಂವ್‌ನಲ್ಲಿ ಒಬ್ಬರು ಒಪ್ಪಿದರು. ಓಡಿಸುವವನ ತೂಕಕ್ಕೆ ಬದಲಾಗಿ ಡ್ರೈವರ್ ಸೀಟಿನಲ್ಲಿ ಐವತ್ತು ಕಿಲೋ ಅಕ್ಕಿಯ ಚೀಲ, ಅದರ ಮೇಲೆ ಇನ್ನೊಂದು ಇಪ್ಪತ್ತೈದು ಕಿಲೋದ್ದು ಇಟ್ಟು ಹೊಂದಿಸಿದೆವು: ಕ್ಯಾಂಬರ್ ಮುಂದೆ ಮೈನಸ್ 1 ಡಿಗ್ರಿ, ಹಿಂದೆ ಮೈನಸ್ 1.5, ಟೋ ಮುಂದೆ ಹೆಚ್ಚುಕಡಿಮೆ ಸೊನ್ನೆ, ಹಿಂದೆ ತುಸು ಒಳಕ್ಕೆ. ಹೆಡ್‌ಲೈಟಿನ ದಿಕ್ಕನ್ನೂ ಆವತ್ತೇ ಸರಿಮಾಡಿಸಿದೆ.

ಆ ಭಾನುವಾರ ಸಾಖಳಿ ದಾಟಿ ಚೋರ್ಲಾ ಹತ್ತಿದೆ. ಕೋನಿಯಲ್ಲಿ ತಿರುಪಿನಿಂದ ಹೊಂದಿಸಬಹುದಾದದ್ದು ಸ್ಪ್ರಿಂಗ್ ಮರಳುವ ವೇಗ ಮಾತ್ರ. ಮುಂದೆ ಅರ್ಧ ಸುತ್ತು ಬಿಗಿ ಮಾಡಿ, ಹಿಂದೆ ಮೆತ್ತಗೇ ಬಿಟ್ಟಿದ್ದೆ. ಮೊದಲ ಹಿಮ್ಮುರಿ ತಿರುವಿನಲ್ಲಿ ಸ್ಟೀರಿಂಗ್ ತಿರುಗಿಸಿದ ಕ್ಷಣವೇ ಮೂತಿ ತಿರುಗಿತು, ಹಿಂಭಾಗ ತೇಲದೆ ಅದರ ಹಿಂದೆಯೇ ಬಂತು. ಕಣಕುಂಬಿಯಲ್ಲಿ ಚಹಾಕ್ಕೆ ನಿಲ್ಲಿಸಿ, ರಸ್ತೆ ಬದಿಯಲ್ಲೇ ಮೊಣಕಾಲೂರಿ ಕೇಬಲ್ ಟೈ ನೋಡಿದೆ. ರಬ್ಬರಿಗೆ ಇನ್ನೂ ಒಂದು ಬೆರಳು ಬಾಕಿ ಇತ್ತು.

ಐನೂರು ಕಿಲೋಮೀಟರ್ ಆದಮೇಲೆ ಸ್ಪ್ರಿಂಗ್ ಇನ್ನೂ 3 ಮಿ.ಮೀ. ಕೂತಿದೆ, ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿದಿದ್ದೇನೆ. ಗೇಟಿನ ಹಂಪನ್ನು ತಗ್ಗಿನ ಬದಿಯಿಂದ ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಿ ದಾಟುತ್ತೇನೆ. ಈವರೆಗೆ ಅಡಿ ತಾಗಿಲ್ಲ.