ಸೋಗೆ ತಿನ್ನೋ ಹಸುವಿಗೆ ಸುಣ್ಣದ ಚಿಂತೆ

ನನ್ನ ತವರು ನಾಗಮಂಗಲದ ಕಡೆ. ಮಳೆ ನಂಬಿದ ಹೊಲ, ಹಿತ್ತಲಲ್ಲಿ ರಾಗಿ ಹುಲ್ಲಿನ ಮೆದೆ. ಮದುವೆಯಾಗಿ ಬಂದದ್ದು ಪಾಂಡವಪುರದ ನಾಲೆ ಬಯಲಿಗೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ನೀರು, ಎತ್ತ ನೋಡಿದರೂ ಕಬ್ಬು, ಭತ್ತ. "ನಿನ್ನ ದನಗಳಿಗೆ ಮೇವಿನ ಬರ ಇಲ್ಲ ಬಿಡು ಮಗಾ" ಅಂತ ನಮ್ಮವ್ವ ಖುಷಿಪಟ್ಟಿತ್ತು. ಬರ ಇಲ್ಲ, ನಿಜ. ಆದರೆ ಹೊಟ್ಟೆ ತುಂಬೋದು ಬೇರೆ, ಮೈಗೆ ಹತ್ತೋದು ಬೇರೆ ಅನ್ನೋದು ಎಚ್‌.ಎಫ್‌. (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸುಗಳನ್ನು ಕಟ್ಟಿದ ಮೇಲೆ ಗೊತ್ತಾಯಿತು.

ಕಬ್ಬು ಕಡಿಯೋ ಕಾಲದಲ್ಲಿ ಹಸಿ ಸೋಗೆ, ಅಂದರೆ ಕಬ್ಬಿನ ತುದಿಯ ಎಲೆ, ಬೇಕಾದಷ್ಟು ಸಿಗುತ್ತೆ. ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಸೋಗೆ, ರಾತ್ರಿ ಭತ್ತದ ಹುಲ್ಲು, ಅಷ್ಟೇ. ಇವೆರಡರಲ್ಲೂ ಆಕ್ಸಲೇಟ್ ಅನ್ನೋ ಅಂಶ ಇದೆ. ಅದು ಹೊಟ್ಟೆಯೊಳಗೆ ಸುಣ್ಣದಂಶವನ್ನು, ಅಂದರೆ ಕ್ಯಾಲ್ಸಿಯಂ ಅನ್ನು, ಕಟ್ಟಿಹಾಕಿ ಸಗಣಿ ಜೊತೆ ಕಳಿಸಿಬಿಡುತ್ತೆ. ಇತ್ತ ಒಂದೊಂದು ಲೀಟರ್ ಹಾಲಿನಲ್ಲೂ ಒಂದು ಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಮೈಯಿಂದ ಹೋಗ್ತಾನೇ ಇರುತ್ತೆ. ಹೆಚ್ಚು ಹಾಲು ಕೊಡೋ ಹಸುವೇ ಮೊದಲು ಸೋಲೋದು ಅದಕ್ಕೇ.

ನಾನು ಸೋಗೆ ಬಿಟ್ಟಿಲ್ಲ, ಬಿಡೋಕೂ ಆಗಲ್ಲ. ಕೊಚ್ಚಿ, ಸೀಮೆ ಹುಲ್ಲಿನ ಜೊತೆ ಬೆರೆಸಿ ಹಾಕ್ತೀನಿ. ಬದುವಿನ ಮೇಲೆ ಅಗಸೆ ಮರ ಇದೆ, ದಿನಾ ಒಂದು ಹಿಡಿ ಸೊಪ್ಪು. ರಾತ್ರಿಗೆ ರಾಗಿ ಹುಲ್ಲು. ಸುಗ್ಗಿ ಆದ ಮೇಲೆ ತವರಿಂದ ಒಂದು ಟ್ರ್ಯಾಕ್ಟರ್ ತರಿಸಿಕೊಳ್ತೀನಿ. "ನಾಲೆ ಬಯಲಿಗೆ ಯಾರಾದ್ರೂ ಹುಲ್ಲು ತರುಸ್ತಾರಾ?" ಅಂತ ಊರಲ್ಲಿ ನಗ್ತಾರೆ, ನಗಲಿ. ರಾಗಿ ಹುಲ್ಲಿನಲ್ಲಿ ಸುಣ್ಣದಂಶ ಭತ್ತದ ಹುಲ್ಲಿಗಿಂತ ಜಾಸ್ತಿ, ಹಸುಗಳೂ ಕಡ್ಡಿ ಬಿಡದೆ ತಿನ್ತವೆ.

ನಮ್ಮತ್ತೆ ಸುಣ್ಣ ನೆನೆಸಿ ತಿಳಿ ಬಸಿದು ಕಲಗಚ್ಚಿಗೆ ಬೆರೆಸೋರು. ಕೆಟ್ಟದ್ದೇನಲ್ಲ, ಆದರೆ ನೀರಿನಲ್ಲಿ ಸುಣ್ಣ ಕರಗೋದೇ ವಸಿ. ಹತ್ತು ಲೀಟರ್ ಕರೆಯೋ ಹಸುವಿಗೆ ಅದು ಯಾವ ಮೂಲೆಗೆ? ನಾನು ನಂಬಿರೋದು ಖನಿಜ ಮಿಶ್ರಣದ ಪುಡಿಯನ್ನ. ದಿನಕ್ಕೆ 50 ಗ್ರಾಂ, ಬೂಸಾ ಮೇಲೆ ಉದುರಿಸಿ ಕಲಸೋದು. ಅತ್ತೆ ತಮ್ಮ ತಿಳಿ ಬಿಟ್ಟಿಲ್ಲ, ನಾನೂ ತಡೆದಿಲ್ಲ.

ಇನ್ನೊಂದು ವಿಷಯ ಹೇಳಿದರೆ ಅಕ್ಕಪಕ್ಕದವರು ಒಪ್ಪೋದೇ ಇಲ್ಲ. ಗಬ್ಬದ ಹಸುವಿಗೆ ಈಯೋಕೆ ಎರಡು ತಿಂಗಳಿರುವಾಗ ಹಾಲು ಬತ್ತಿಸ್ತೀವಲ್ಲ, ಆಮೇಲೆ ಕೊನೆಯ ಎರಡು-ಮೂರು ವಾರ ನಾನು ಕ್ಯಾಲ್ಸಿಯಂ ಟಾನಿಕ್ ಮುಟ್ಟಿಸೋದೇ ಇಲ್ಲ. ಬಾಟಲಿಗಟ್ಟಲೆ ಕುಡಿಸಿದರೆ ಮೂಳೆಯಲ್ಲಿರೋ ಕ್ಯಾಲ್ಸಿಯಂ ತೆಗೆದು ಬಳಸೋ ಕೆಲಸವನ್ನು ಮೈ ಮರೆತುಬಿಡುತ್ತೆ. ಈದ ದಿನ ಕೆಚ್ಚಲಿಗೆ ಗಿಣ್ಣು ನುಗ್ಗಿದಾಗ ರಕ್ತದಲ್ಲಿ ಕ್ಯಾಲ್ಸಿಯಂ ಒಮ್ಮೆಲೇ ಇಳಿದು ಹಸು ಮಲಗಿಬಿಡುತ್ತೆ. ಇದನ್ನೇ ಹಾಲು ಜ್ವರ ಅನ್ನೋದು. ಟಾನಿಕ್ ಕೊಡೋದಾದರೆ ಈದ ಮೇಲೆ, ಅದೂ ಹಸು ಎದ್ದು ನಿಂತಿದ್ದಾಗ.

ಹಾಲು ಜ್ವರ ಬರೋದು ಹೆಚ್ಚಾಗಿ ಈದ ಮೂರು ದಿನದೊಳಗೆ, ಅದೂ ಮೂರನೇ ಸೂಲು ದಾಟಿದ ಹಸುಗಳಿಗೆ. ಹೆಸರಿಗೆ ಜ್ವರ, ಮೈ ಮಾತ್ರ ತಣ್ಣಗೆ. ನಾನು ಮೊದಲು ಮುಟ್ಟಿ ನೋಡೋದು ಕಿವಿ. ಕಿವಿ ತಣ್ಣಗಿದ್ದು, ಹಿಂಗಾಲು ತಡವರಿಸ್ತಾ ಇದ್ದು, ಸಗಣಿ ಹಾಕೋದು ನಿಂತಿದ್ದರೆ ಬೆಳಗಾಗಲಿ ಅಂತ ಕಾಯಲ್ಲ. ಕುತ್ತಿಗೆ ಪಕ್ಕೆಗೆ ತಿರುಗಿಸಿಕೊಂಡು ಮಲಗಿದರಂತೂ ಅನುಮಾನವೇ ಬೇಡ. ಹೋದ ಸಲ ನಮ್ಮ ದೊಡ್ಡ ಹಸು ಸಂಜೆ ಕರು ಹಾಕಿ ನಡುರಾತ್ರಿ ಹಾಗೆ ಮಲಗಿತ್ತು. ಡಾಕ್ಟರಿಗೆ ಫೋನ್ ಮಾಡಿ, ಅವರು ಬರೋವರೆಗೆ ಹುಲ್ಲು ತುಂಬಿದ ಚೀಲ ಎರಡೂ ಪಕ್ಕಕ್ಕೆ ಒತ್ತು ಕೊಟ್ಟು ಎದೆ ಮೇಲೆ ಕೂರಿಸಿದೆವು. ಒಂದೇ ಮಗ್ಗುಲಿಗೆ ಬಿದ್ದರೆ ಹೊಟ್ಟೆ ಉಬ್ಬರಿಸಿಕೊಳ್ಳುತ್ತೆ. ಪಕ್ಕದ ಮನೆಯ ಮಾವ ಬೆಲ್ಲದ ನೀರು ಹಿಡಿದುಕೊಂಡು ಬಂದರು. "ಬ್ಯಾಡ ಮಾವ, ನುಂಗೋ ಶಕ್ತಿ ಇಲ್ಲ, ಶ್ವಾಸಕ್ಕೆ ಹೋಯ್ತದೆ" ಅಂದೆ. ಡಾಕ್ಟರು ಬಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ತೊಟ್ಟುತೊಟ್ಟಾಗಿ ಬಿಟ್ಟರು, ನಡುನಡುವೆ ಎದೆಬಡಿತ ಕೇಳಿಸಿಕೊಳ್ತಾ. ಅವಸರದಲ್ಲಿ ಏರಿಸಿದರೆ ಹೃದಯ ನಿಂತೇಹೋಗಬಹುದು, ಅದಕ್ಕೇ ಇದು ಊರಿನ ಸೂಜಿ ಚುಚ್ಚೋರಿಗೆ ಬಿಡೋ ಕೆಲಸ ಅಲ್ಲ. ಬಾಟಲಿ ಮುಗಿಯೋಕೆ ಮುಂಚೆ ಹಸು ತೇಗಿ ಸಗಣಿ ಹಾಕಿತು, ಬೆಳಗಿನ ಜಾವಕ್ಕೆ ಎದ್ದು ನಿಂತಿತು. ಹತ್ತಿರ ಡಾಕ್ಟರ್ ಇಲ್ಲದವರಿಗೆ ಸಂಚಾರಿ ಪಶು ಚಿಕಿತ್ಸಾ ವಾಹನದ ಫೋನ್ ನಂಬರ್ 1962 ಇದೆ.

ಅಂಥ ಹಸುವನ್ನು ಮೊದಲ ಎರಡು ಮೂರು ದಿನ ಪೂರ್ತಿ ಹಿಂಡಲ್ಲ. ಕರುವಿಗೆ ಬೇಕಾದ ಗಿಣ್ಣು ಹುಟ್ಟಿದ ಗಂಟೆಯೊಳಗೆ ಕುಡಿಸಿ, ಮೇಲೆ ಬೇಕಾದಷ್ಟೇ ಕರೆದು ಉಳಿದದ್ದನ್ನು ಕೆಚ್ಚಲಲ್ಲೇ ಬಿಡ್ತೀನಿ. ಗಿಣ್ಣಿಗೆ ಕಾಯೋ ನೆಂಟರಿಗೆ ಇದು ಇಷ್ಟವಾಗಲ್ಲ. ಈ ಸಲ ಅದೇ ದೊಡ್ಡ ಹಸು ಸಂಕ್ರಾಂತಿ ಹೊತ್ತಿಗೆ ಈಯಬೇಕು. ನಾದಿನಿ ಈಗಲೇ ಪಾತ್ರೆ ಕಳಿಸ್ತೀನಿ ಅಂತ ಹೇಳಿಟ್ಟಿದ್ದಾಳೆ. ಮೂರು ದಿನ ಕಳೀಲಿ ಅಂದಿದ್ದೀನಿ.