ಸರ್ಟಿಫಿಕೇಟ್ ಕೋರ್ಸ್ ಶುರು ಮಾಡಬೇಕೇ? ಮೊದಲು ಪರೀಕ್ಷಾ ವಿಭಾಗಕ್ಕೆ ಹೋಗಿ

ವಿಶ್ವವಿದ್ಯಾಲಯದಲ್ಲಿ ಹೊಸ ಸರ್ಟಿಫಿಕೇಟ್ ಕೋರ್ಸ್ ಶುರು ಮಾಡಬೇಕು ಅಂದುಕೊಂಡವರು ಮೊದಲ ದಿನವೇ ಪಠ್ಯಕ್ರಮ ಬರೆಯಲು ಕೂರುತ್ತಾರೆ. ನಾನೂ ಹಾಗೇ ಕೂತಿದ್ದೆ. ಪಠ್ಯಕ್ರಮ ಚೆನ್ನಾಗಿಯೇ ಬಂತು. ತರಗತಿಗಳೂ ನಡೆದವು, ಪರೀಕ್ಷೆಯೂ ಆಯಿತು. ಆಮೇಲೆ ನೋಡಿದರೆ ಪರೀಕ್ಷಾ ವಿಭಾಗದ ಕಂಪ್ಯೂಟರಿನಲ್ಲಿ ನಮ್ಮ ಕೋರ್ಸಿಗೆ ಕೋಡೇ ಇಲ್ಲ! ಕೋಡ್ ಇಲ್ಲದೆ ಅಂಕ ಏರಿಸಲು ಬರುವುದಿಲ್ಲ. ಅಂಕ ಏರದೆ ಸರ್ಟಿಫಿಕೇಟ್ ಬರುವುದಿಲ್ಲ. ಕಲಿತ 14 ಜನ 11 ತಿಂಗಳು ಕಾದರು. ಅವರಲ್ಲೊಬ್ಬರು ನಿವೃತ್ತ ಮೇಷ್ಟ್ರು. ಪ್ರತಿ ಸೋಮವಾರ ಫೋನ್ ಮಾಡಿ, ‘ಸರ್, ನಮ್ಮದು ಬಂತಾ?’ ಎಂದು ಕೇಳುತ್ತಿದ್ದರು. ಸಿಟ್ಟು ಮಾಡಿಕೊಂಡಿದ್ದರೆ ಎಷ್ಟೋ ವಾಸಿ ಇತ್ತು.

ಆ ಸೋಮವಾರಗಳು ಕಲಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗೆ ಒಂದು ಕೋರ್ಸನ್ನು ಎದುರಿಗೆ ಇಟ್ಟುಕೊಳ್ಳೋಣ: ಕನ್ನಡ ಶಾಸನ ಓದುವುದನ್ನು ಕಲಿಸುವ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್.

ಯಾರಿಗಾಗಿ ಈ ಕೋರ್ಸ್?

ಶಾಸನದ ಕೋರ್ಸಿಗೆ ಯಾರು ಬರುತ್ತಾರೆ? ಎಂ.ಎ. ಓದುವ ಹುಡುಗರಿಗಿಂತ ಬೇರೆಯವರೇ ಜಾಸ್ತಿ. ನಿವೃತ್ತ ಬ್ಯಾಂಕ್ ನೌಕರರು, ಹೈಸ್ಕೂಲ್ ಮೇಷ್ಟ್ರುಗಳು, ಊರಿನ ವೀರಗಲ್ಲಿನ ಮೇಲೆ ಏನು ಬರೆದಿದೆ ಎಂದು ಚಿಕ್ಕಂದಿನಿಂದ ತಲೆ ಕೆಡಿಸಿಕೊಂಡವರು. ಇವರಿಗೆ ನೌಕರಿ ಬೇಡ, ಬಡ್ತಿ ಬೇಡ. ಕಲ್ಲಿನ ಮುಂದೆ ನಿಂತು ನಾಲ್ಕು ಸಾಲು ಓದಲು ಬಂದರೆ ಸಾಕು. ಹಾಗಾಗಿ ತರಗತಿ ಶನಿವಾರ, ಭಾನುವಾರವೇ ಇರಬೇಕು. ಎಸ್ಸೆಸ್ಸೆಲ್ಸಿ ಪಾಸಾಗಿ ಕನ್ನಡ ಸರಾಗವಾಗಿ ಓದಲು ಬಂದರೆ ಸೇರಿಸಿಕೊಳ್ಳಿ. ‘ಇತಿಹಾಸ ಅಥವಾ ಕನ್ನಡದಲ್ಲಿ ಪದವಿ’ ಎಂದು ಸುಮ್ನೆ ಷರತ್ತು ಹಾಕಿದರೆ ನಿಜವಾಗಿ ಕಲಿಯಲು ಬರುವವರನ್ನೇ ಬಾಗಿಲಲ್ಲಿ ತಡೆದಂತೆ.

ಇನ್ನೊಂದು ಜಾತಿಯ ಕೋರ್ಸ್ ಇದೆ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರುತ್ತದೆ ಎಂಬ ಸುದ್ದಿ ಬಂದ ವಾರ ಹುಟ್ಟಿ, ತಂಡ ಹೋದ ವಾರ ಸಾಯುವಂಥದ್ದು. 30 ಗಂಟೆಯ ಹಾಜರಿ, ಒಂದು ಗುಂಪು ಫೋಟೊ, ಮುಗೀತು. ಅಂಥದ್ದು ನಿಮಗೆ ಬೇಕಿದ್ದರೆ ಈ ಲೇಖನ ಇಲ್ಲಿಗೇ ಬಿಡಬಹುದು.

ಕಾನೂನು ಏನು ಹೇಳುತ್ತದೆ?

ಇದು ಅಂದುಕೊಂಡಷ್ಟು ಕಷ್ಟವಿಲ್ಲ. 1956ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ಕಾಯ್ದೆಯ 22ನೇ ಸೆಕ್ಷನ್ ಮಾತಾಡುವುದು ಪದವಿಗಳ ಬಗ್ಗೆ. ಯಾವ ಪದವಿ ಕೊಡಬಹುದು, ಅದರ ಹೆಸರೇನು ಎಂಬ ಪಟ್ಟಿಯನ್ನು ಯುಜಿಸಿ ಗೆಜೆಟ್‌ನಲ್ಲಿ ಹೊರಡಿಸುತ್ತದೆ. ಆರು ತಿಂಗಳ ಸರ್ಟಿಫಿಕೇಟ್ ಆ ಪಟ್ಟಿಯ ವಿಷಯವಲ್ಲ. ಅದನ್ನು ವಿಶ್ವವಿದ್ಯಾಲಯ ತನ್ನ ಮಂಡಳಿಗಳ ಒಪ್ಪಿಗೆಯಿಂದ ತಾನೇ ಕೊಡಬಹುದು. ಆದರೆ ಶುಶ್ರೂಷೆ, ಔಷಧ, ಶಿಕ್ಷಕರ ತರಬೇತಿ ಇಂಥ ವಿಷಯಗಳಿಗೆ ಅವುಗಳದ್ದೇ ಕೌನ್ಸಿಲ್‌ಗಳಿವೆ. ಅಲ್ಲಿಗೆ ಕೈ ಹಾಕುವ ಮೊದಲು ಅವರ ನಿಯಮ ಓದಿಕೊಳ್ಳಿ.

ಹೆಸರಿನ ಗೊಂದಲ ಒಂದಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಪದವಿಯ ಮೊದಲ ವರ್ಷ ಮುಗಿಸಿ ಹೊರಗೆ ಹೋಗುವವರಿಗೂ ಸರ್ಟಿಫಿಕೇಟ್ ಎಂದೇ ಕೊಡಬೇಕಿತ್ತು. ಕರ್ನಾಟಕ 2021-22ರಲ್ಲಿ ಆ ನೀತಿಯನ್ನು ತಂದು, 2024-25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ನಮ್ಮ ಕೋರ್ಸಿಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಸಭೆಯಲ್ಲಿ ಯಾರಾದರೂ ಒಬ್ಬರು ಈ ಪ್ರಶ್ನೆ ಎತ್ತಿಯೇ ಎತ್ತುತ್ತಾರೆ. ಉತ್ತರ ಜೇಬಿನಲ್ಲಿರಲಿ.

ಪರೀಕ್ಷಾ ವಿಭಾಗದಲ್ಲಿ ಕೇಳಬೇಕಾದ್ದು

ಮೌಲ್ಯಮಾಪನ ಕುಲಸಚಿವರನ್ನು ನೋಡಿ. ಅದಕ್ಕಿಂತ ಮುಖ್ಯವಾಗಿ, ಅವರ ಕಚೇರಿಯಲ್ಲಿ ಸರ್ಟಿಫಿಕೇಟ್, ಡಿಪ್ಲೊಮಾ ಕೋರ್ಸ್‌ಗಳ ಟೇಬಲ್ ಯಾರದ್ದು ಎಂದು ಹುಡುಕಿ, ಆ ಗುಮಾಸ್ತರ ಜೊತೆ ಒಂದು ಕಾಫಿ ಕುಡಿಯಿರಿ. ಕೇಳಬೇಕಾದ್ದು ಇಷ್ಟು. ಕೋರ್ಸ್ ಕೋಡ್ ಯಾರು ಕೊಡುತ್ತಾರೆ, ಯಾವ ಆದೇಶದ ಮೇಲೆ ಕೊಡುತ್ತಾರೆ? ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಪ್ರವೇಶ, ಪರೀಕ್ಷೆಗೆ ಬಳಸುವ ಯುಯುಸಿಎಂಎಸ್ ತಂತ್ರಾಂಶದಲ್ಲಿ ನಮ್ಮ ಕೋರ್ಸ್ ಸೇರುತ್ತದೆಯೇ, ಹೊರಗೇ ನಡೆಸಬೇಕೇ? ಪ್ರಶ್ನೆಪತ್ರಿಕೆ ವಿಭಾಗದಲ್ಲೇ ತಯಾರಾಗಬಹುದೇ? ಅಂಕಪಟ್ಟಿ ಯಾರು ಮುದ್ರಿಸುತ್ತಾರೆ? ಡಿಜಿಲಾಕರ್‌ಗೆ ಹೋಗುತ್ತದೆಯೇ? ಸರ್ಟಿಫಿಕೇಟ್‌ಗೆ ಸಹಿ ಯಾರದ್ದು?

ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮುಂದೆ ನೀವು ಬರೆಯುವ ನಿಯಮಾವಳಿಯ ಅರ್ಧ ಭಾಗ ಆ ಹಾಳೆಯಲ್ಲೇ ಇರುತ್ತದೆ.

ಪಠ್ಯಕ್ರಮ ಈಗ ಬರೆಯಿರಿ

ಕ್ರೆಡಿಟ್ ಲೆಕ್ಕ ಸುಲಭ. ಸಾಮಾನ್ಯವಾಗಿ 15 ಗಂಟೆ ಪಾಠ ಅಂದರೆ ಒಂದು ಕ್ರೆಡಿಟ್. ಪ್ರಾಯೋಗಿಕವಾದರೆ 30 ಗಂಟೆಗೆ ಒಂದು. ನಮ್ಮ ಕೋರ್ಸಿಗೆ 60 ಗಂಟೆ ಪಾಠ, 60 ಗಂಟೆ ಪ್ರಾಯೋಗಿಕ ಇಟ್ಟರೆ ನಾಲ್ಕು ಮತ್ತು ಎರಡು, ಒಟ್ಟು ಆರು ಕ್ರೆಡಿಟ್. ಶನಿವಾರ ಮಧ್ಯಾಹ್ನ ಎರಡು ಗಂಟೆ, ಭಾನುವಾರ ಬೆಳಿಗ್ಗೆ ಮೂರು ಗಂಟೆ. ವಾರಕ್ಕೆ ಐದರಂತೆ 18 ವಾರಕ್ಕೆ 90 ಗಂಟೆ. ಉಳಿದ 30 ಗಂಟೆ ಕ್ಷೇತ್ರಕಾರ್ಯ, ಮೂರು ಇಡೀ ದಿನ. ಆರು ತಿಂಗಳಲ್ಲಿ ಸುಮಾರು 26 ವಾರ. ಎಂಟು ವಾರ ಕೈಯಲ್ಲಿ ಉಳಿಯುತ್ತದೆ. ಹಬ್ಬ, ಮದುವೆ, ಮಳೆ, ಚುನಾವಣೆ ಕೆಲಸ ಎಲ್ಲ ಅದರೊಳಗೇ ಆಗಬೇಕು. ಉಳಿಸಿಕೊಳ್ಳದಿದ್ದರೆ ಕೊನೆಗೆ ಕ್ಷೇತ್ರಕಾರ್ಯಕ್ಕೇ ಕತ್ತರಿ ಬೀಳುತ್ತದೆ. ಶಾಸನದ ಕೋರ್ಸಿನಲ್ಲಿ ಅದನ್ನು ಕತ್ತರಿಸಿದರೆ ಉಳಿಯುವುದೇನು?

ಪಾಠದ ಕ್ರಮದಲ್ಲೂ ಒಂದು ಮಾತು. ಪ್ರಾಧ್ಯಾಪಕರಿಗೆ ಕಾಲಾನುಕ್ರಮದ ಮೇಲೆ ವಿಪರೀತ ಪ್ರೀತಿ. ಬ್ರಾಹ್ಮಿ ಲಿಪಿಯಿಂದ ಶುರು ಮಾಡಿ, ಹಲ್ಮಿಡಿ ಶಾಸನ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಅಂತ ಸಾಗಿ, ವಿಜಯನಗರಕ್ಕೆ ಬರುವ ಹೊತ್ತಿಗೆ ಕೋರ್ಸೇ ಮುಗಿದಿರುತ್ತದೆ. ಉಲ್ಟಾ ಮಾಡಿ ನೋಡಿ. ವಿಜಯನಗರ ಕಾಲದ ಅಕ್ಷರ ಇವತ್ತಿನ ಕನ್ನಡಕ್ಕೆ ಹತ್ತಿರ. ಮೊದಲ ತಿಂಗಳಲ್ಲೇ ಕಲಿಯುವವರು ಒಂದೆರಡು ಸಾಲು ತಾವಾಗಿ ಓದುತ್ತಾರೆ. ಆ ಖುಷಿ ಅವರನ್ನು ಮುಂದಿನ ಐದು ತಿಂಗಳು ಎಳೆದುಕೊಂಡು ಹೋಗುತ್ತದೆ. ಅಲ್ಲಿಂದ ಹೊಯ್ಸಳ, ಚಾಲುಕ್ಯ ಅಂತ ಹಿಂದಕ್ಕೆ ನಡೆದು ಕೊನೆಗೆ ಹಲ್ಮಿಡಿ ಮುಟ್ಟಿದರಾಯಿತು. ಪಾಠಕ್ಕೆ ಬೇಕಾದ ಸಾಮಗ್ರಿಗೆ ಬರವಿಲ್ಲ. ಬಿ.ಎಲ್. ರೈಸ್ 1886ರಲ್ಲಿ ಶುರು ಮಾಡಿದ ‘ಎಪಿಗ್ರಾಫಿಯಾ ಕರ್ನಾಟಿಕ’ ಸಂಪುಟಗಳಿವೆ, ಮೈಸೂರು ವಿಶ್ವವಿದ್ಯಾಲಯ ಅದನ್ನು ಪರಿಷ್ಕರಿಸಿ ತಂದ ಸಂಪುಟಗಳೂ ಇವೆ.

ಕ್ಷೇತ್ರಕಾರ್ಯಕ್ಕೆ ಹೋಗುವಾಗ ಒಂದು ಎಚ್ಚರ. ಪಡಿಯಚ್ಚು ತೆಗೆಯುವುದೆಂದರೆ ಕಲ್ಲನ್ನು ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತುವುದು. ಸಂರಕ್ಷಿತ ಸ್ಮಾರಕದಲ್ಲಿ ಇದಕ್ಕೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಅರ್ಜಿಯನ್ನು ತರಗತಿ ಶುರುವಾಗುವ ಮೊದಲೇ ಹಾಕಿ. ಅನುಮತಿ ಬರುವುದು ತಡವಾದರೆ ಮೊದಲ ಕ್ಷೇತ್ರ ದಿನ ಕಣ್ಣಿನಲ್ಲಿ ಓದುವುದು, ಫೋಟೊ ತೆಗೆಯುವುದಷ್ಟೇ ಇರಲಿ.

ದುಡ್ಡಿನ ಲೆಕ್ಕ

ಇಂಥ ಕೋರ್ಸ್‌ಗಳಿಗೆ ಸರ್ಕಾರದ ಅನುದಾನ ನೆಚ್ಚಿಕೊಂಡು ಕೂರುವ ಹಾಗಿಲ್ಲ. ಬಂದ ಶುಲ್ಕದಲ್ಲೇ ನಡೆಯಬೇಕು. ಲೆಕ್ಕಕ್ಕೆ ಹೀಗೆ ಇಟ್ಟುಕೊಳ್ಳಿ. ಶುಲ್ಕ 6,000 ರೂಪಾಯಿ, ವಿಶ್ವವಿದ್ಯಾಲಯ ತನ್ನ ಪಾಲೆಂದು ಶೇ 30 ಹಿಡಿದುಕೊಳ್ಳುತ್ತದೆ. ನಿಮ್ಮ ಕೈಗೆ ತಲಾ 4,200. ಖರ್ಚು ನೋಡಿ. ತರಗತಿಯ 90 ಗಂಟೆಗೆ, ಗಂಟೆಗೆ 600ರಂತೆ ಗೌರವಧನ 54,000. ಮೂರು ದಿನದ ಬಸ್ಸಿಗೆ 18,000. ಜೆರಾಕ್ಸ್, ಕಾಗದ, ಮಸಿ, ಪರೀಕ್ಷೆ, ಮುದ್ರಣ ಸೇರಿ 12,000. ಒಟ್ಟು 84,000. ಭಾಗಿಸಿದರೆ ಸರಿಯಾಗಿ 20 ಜನ ಬೇಕು.

ಈಗ 14 ಜನ ಸೇರಿದರು ಅನ್ನಿ. ಕೈಗೆ ಬರುವುದು 58,800. ಗೌರವಧನ ಕೊಟ್ಟ ಮೇಲೆ ಉಳಿಯುವುದು 4,800. ಬಸ್ ಇಲ್ಲ, ಮಸಿ ಇಲ್ಲ. ಹುಮ್ಮಸ್ಸಿನಲ್ಲಿ ‘ಏನಾದರೂ ಮಾಡೋಣ ಬಿಡಿ’ ಎಂದು ಶುರು ಮಾಡಿದ ಸಂಯೋಜಕರು ಕೊನೆಗೆ ತಮ್ಮ ಜೇಬಿಗೆ ಕೈ ಹಾಕುತ್ತಾರೆ. ಒಂದು ವರ್ಷ ಹಾಕಬಹುದು. ಎರಡನೇ ವರ್ಷ ಮನೆಯಲ್ಲಿ ಕೇಳುತ್ತಾರೆ. ಆದ್ದರಿಂದ ಅಧಿಸೂಚನೆಯಲ್ಲೇ ಬರೆಯಿರಿ: ಕನಿಷ್ಠ 20 ಜನ ಸೇರದಿದ್ದರೆ ಈ ಸಲ ತರಗತಿ ಇಲ್ಲ, ಕಟ್ಟಿದ ಶುಲ್ಕ ಇಂಥ ದಿನದೊಳಗೆ ವಾಪಸ್.

ಜಿಎಸ್‌ಟಿಯನ್ನು ಮರೆಯಬೇಡಿ. ಕಾನೂನು ಮಾನ್ಯ ಮಾಡಿದ ಅರ್ಹತೆಗಾಗಿ ನಡೆಯುವ ಪಾಠಕ್ಕೆ ವಿನಾಯಿತಿ ಇದೆ. ನಿಮ್ಮ ಕೋರ್ಸ್ ಅದರೊಳಗೆ ಬರುತ್ತದೆಯೇ ಎಂದು ಹಣಕಾಸು ಅಧಿಕಾರಿಯಿಂದ ಬರಹದಲ್ಲೇ ತೆಗೆದುಕೊಳ್ಳಿ. ಬಾರದಿದ್ದರೆ ಶೇ 18 ಸೇರಿ 6,000ದ ಶುಲ್ಕ 7,080 ಆಗುತ್ತದೆ. ಇದು ಪ್ರವೇಶ ಮುಗಿದ ಮೇಲೆ ಗೊತ್ತಾದರೆ ಆ 1,080ನ್ನು ಯಾರ ಹತ್ತಿರ ಕೇಳುತ್ತೀರಿ?

ಫೈಲಿನ ಪ್ರಯಾಣ

ರಾಜ್ಯದ ವಿಶ್ವವಿದ್ಯಾಲಯಗಳು ನಡೆಯುವುದು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದ ಪ್ರಕಾರ. ದಾರಿ ಬಹುಪಾಲು ಹೀಗಿರುತ್ತದೆ: ವಿಭಾಗದ ಸಭೆ, ಅಧ್ಯಯನ ಮಂಡಳಿ ಅಂದರೆ ಎಲ್ಲರ ಬಾಯಲ್ಲಿ ಬಿಓಎಸ್, ನಿಕಾಯ ಅಂದರೆ ಫ್ಯಾಕಲ್ಟಿ, ವಿದ್ಯಾವಿಷಯಕ ಪರಿಷತ್ತು, ಕೊನೆಗೆ ವಿಶ್ವವಿದ್ಯಾಲಯದ ಆಡಳಿತ ನೋಡುವ ಸಿಂಡಿಕೇಟ್. ಪರಿಷತ್ತಿನ ಸಭೆ ವರ್ಷದಲ್ಲಿ ಕೆಲವೇ ಸಲ. ಒಂದು ಸಭೆ ತಪ್ಪಿದರೆ ಒಂದು ಬ್ಯಾಚ್ ಹೋಯಿತು ಅಂತಲೇ ಅರ್ಥ. ಮುಂದಿನ ಸಭೆ ಯಾವಾಗ ಎಂದು ಕುಲಸಚಿವರ ಕಚೇರಿಯಲ್ಲಿ ಕೇಳಿ, ಅಲ್ಲಿಂದ ಹಿಂದಕ್ಕೆ ದಿನ ಎಣಿಸಿ ಬಿಓಎಸ್ ಕರೆಸಿ.

ಅನೇಕ ಕಡೆ ಎಲ್ಲ ಸರ್ಟಿಫಿಕೇಟ್, ಡಿಪ್ಲೊಮಾಗಳಿಗೂ ಒಂದೇ ಸಾಮಾನ್ಯ ನಿಯಮಾವಳಿ ಇರುತ್ತದೆ. ಇದ್ದರೆ ಹೊಸದನ್ನು ಬರೆಯುವ ಉಸಾಬರಿ ಬೇಡ. ‘ಅದರಂತೆ ನಡೆಯತಕ್ಕದ್ದು’ ಎಂದು ಹೇಳಿ ಪಠ್ಯಕ್ರಮ, ಶುಲ್ಕ, ಆಯವ್ಯಯ ಲಗತ್ತಿಸಿದರೆ ಸಾಕು. ಸಿಂಡಿಕೇಟ್ ಒಪ್ಪಿದ ನಡಾವಳಿಯ ಪ್ರತಿ ಕೈಗೆ ಬಂದ ದಿನವೇ ಅದನ್ನು ಹಿಡಿದುಕೊಂಡು ಪರೀಕ್ಷಾ ವಿಭಾಗಕ್ಕೆ ಹೋಗಿ ಕೋಡ್ ಮಾಡಿಸಿ. ಕೋಡ್ ಬರುವವರೆಗೆ ಪ್ರವೇಶದ ಅಧಿಸೂಚನೆ ಬೇಡ.

ನಡೆಸುವುದು

ಪ್ರವೇಶದ ಪ್ರಕಟಣೆ ವಿಶ್ವವಿದ್ಯಾಲಯದ ನೋಟಿಸ್ ಬೋರ್ಡಿನಲ್ಲಿ ಮಾತ್ರ ಇದ್ದರೆ ನಮ್ಮ ನಿವೃತ್ತ ಮೇಷ್ಟ್ರಿಗೆ ಹೇಗೆ ತಿಳಿಯಬೇಕು? ಗ್ರಂಥಾಲಯ, ಪಿಂಚಣಿದಾರರ ಸಂಘ, ಶಿಕ್ಷಕರ ವಾಟ್ಸ್‌ಆ್ಯಪ್ ಗುಂಪು, ಇಲ್ಲೆಲ್ಲ ಹಾಕಿ.

ಭಾನುವಾರದ ಬಾಗಿಲ ಕೀ ಯಾರ ಹತ್ತಿರ ಎಂದು ಮೊದಲೇ ತೀರ್ಮಾನ ಮಾಡಿ. ನಗಬೇಡಿ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ 20 ಜನ ಹಿರಿಯರು ಬೀಗ ಹಾಕಿದ ಬಾಗಿಲ ಮುಂದೆ ನಿಂತಿದ್ದನ್ನು ನೋಡಿದ್ದೇನೆ. ಅಟೆಂಡರ್‌ಗೆ ಅವತ್ತಿನ ಭತ್ಯೆ ಆಯವ್ಯಯದಲ್ಲೇ ಸೇರಿಸಿ, ಆ 12,000ದೊಳಗೆ ಅದಕ್ಕೂ ಜಾಗ ಮಾಡಿ.

ಅತಿಥಿ ಉಪನ್ಯಾಸಕರ ಗೌರವಧನದ ಬಿಲ್ಲನ್ನು ತಿಂಗಳ ಕೊನೆಗೆ ಕಳಿಸಿಬಿಡಿ. ಕೋರ್ಸ್ ಮುಗಿದ ಮೇಲೆ ಒಟ್ಟಿಗೆ ಕಳಿಸುತ್ತೇವೆ ಎಂದರೆ ಆರ್ಥಿಕ ವರ್ಷ ದಾಟಿ, ಹಳೇ ಬಿಲ್ಲು ಎಂದು ಆಕ್ಷೇಪ ಬಿದ್ದು ವಾಪಸ್ ಬರಬಹುದು. ಮುಂದಿನ ಸಲ ಅವರು ಬರುವುದಿಲ್ಲ. ಬಂದರೂ ಮೊದಲಿನ ಹಾಗೆ ಪಾಠ ಮಾಡುವುದಿಲ್ಲ.

ಪರೀಕ್ಷೆ ಹೇಗಿರಬೇಕು? ‘ಶಾಸನಗಳ ಮಹತ್ವ ವಿವರಿಸಿ’ ಎಂಬ ಪ್ರಶ್ನೆಗೆ ಗೈಡ್ ಓದಿದವರೂ ಬರೆಯುತ್ತಾರೆ. ನನ್ನ ಕೇಳಿದರೆ, ತರಗತಿಯಲ್ಲಿ ತೋರಿಸದ ಒಂದು ಶಾಸನದ ಪಡಿಯಚ್ಚನ್ನು ಮುಂದಿಟ್ಟು ಎಂಟು ಸಾಲು ಓದಿಸಿ. ಅರ್ಧ ಅಂಕ ಅದಕ್ಕೇ ಇಡಿ. ಉಳಿದರ್ಧ ಪ್ರತಿಯೊಬ್ಬರೂ ತಮ್ಮ ಊರಿನ ಒಂದು ಕಲ್ಲಿನ ಬಗ್ಗೆ ಬರೆದು ಕೊಡುವ ವರದಿಗೆ ಮತ್ತು ಒಂದು ಸಣ್ಣ ಲಿಖಿತ ಪರೀಕ್ಷೆಗೆ. ಹಾಜರಿ ಶೇ 75 ಎಂದಿದ್ದರೆ ಅದನ್ನು ಸಡಿಲಿಸಲು ಹೋಗಬೇಡಿ. ಹಿರಿಯರ ಕಾಯಿಲೆ, ಆಸ್ಪತ್ರೆ ಇದ್ದದ್ದೇ. ಅವರಿಗೆ ಮುಂದಿನ ಬ್ಯಾಚಿನಲ್ಲಿ ಬಿಟ್ಟ ತರಗತಿಗೆ ಕೂರಲು ಅವಕಾಶ ಕೊಡಿ.

ಮೂರನೇ ಬ್ಯಾಚ್

ಒಳ್ಳೆ ಕೋರ್ಸ್‌ಗಳು ಸಾಯುವುದು ಹೆಚ್ಚಾಗಿ ಮೂರನೇ ವರ್ಷ. ಕಾರಣ ಬೇರೇನಿಲ್ಲ, ಎಲ್ಲವೂ ಒಬ್ಬರ ತಲೆಯಲ್ಲಿರುತ್ತದೆ. ಅವರಿಗೆ ಮುಖ್ಯಸ್ಥರ ಹುದ್ದೆ ಬಂತೋ, ನಿವೃತ್ತಿ ಬಂತೋ, ಕೋರ್ಸ್ ಅಲ್ಲಿಗೇ ನಿಂತಿತು. ಮೊದಲ ಬ್ಯಾಚಿನಿಂದಲೇ ಸಹ ಸಂಯೋಜಕರನ್ನು ಇಟ್ಟುಕೊಳ್ಳಿ. ಸುಮ್ನೆ ಹೆಸರಿಗಲ್ಲ. ಎರಡನೇ ಬ್ಯಾಚಿನ ಬಿಲ್ಲು, ಅಧಿಸೂಚನೆ, ಪರೀಕ್ಷೆ ಎಲ್ಲಕ್ಕೂ ಅವರೇ ಓಡಾಡಲಿ, ನೀವು ಪಕ್ಕದಲ್ಲಿರಿ. ಮೊದಲ ಬ್ಯಾಚಿನಲ್ಲಿ ಚೆನ್ನಾಗಿ ಕಲಿತ ಒಬ್ಬಿಬ್ಬರನ್ನು ಕ್ಷೇತ್ರ ದಿನಗಳಿಗೆ ಸಹಾಯಕ್ಕೆ ಕರೆಯಿರಿ. ನಮ್ಮ ಸೋಮವಾರದ ಮೇಷ್ಟ್ರು ಆಮೇಲೆ ಎರಡು ಬ್ಯಾಚಿಗೆ ಪಡಿಯಚ್ಚು ತೆಗೆಯುವುದನ್ನು ಹೇಳಿಕೊಟ್ಟರು.

ಇನ್ನು ಸರ್ಟಿಫಿಕೇಟ್ ಹಾಳೆ. ಅದರ ಮೇಲೆ ಕೋರ್ಸಿನ ಹೆಸರು, ಅವಧಿ, ಗಂಟೆ, ಕ್ರೆಡಿಟ್, ಕ್ರಮಸಂಖ್ಯೆ ಇರಲಿ. ಹೆಸರಿನ ಕಾಗುಣಿತವನ್ನು ಮುದ್ರಣಕ್ಕೆ ಮೊದಲು ಅವರವರಿಗೇ ತೋರಿಸಿ ಸಹಿ ಹಾಕಿಸಿಕೊಳ್ಳಿ. ಕೊಟ್ಟ ಸರ್ಟಿಫಿಕೇಟ್‌ಗಳ ಒಂದು ರಿಜಿಸ್ಟರ್ ಬರೆದು, ಒಂದು ಪ್ರತಿ ವಿಭಾಗದಲ್ಲಿ, ಒಂದು ಪರೀಕ್ಷಾ ವಿಭಾಗದಲ್ಲಿ ಇಡಿ. ಎಷ್ಟೋ ವರ್ಷದ ಮೇಲೆ ಯಾವುದೋ ಕಚೇರಿಯಿಂದ ‘ಈ ಸರ್ಟಿಫಿಕೇಟ್ ನಿಮ್ಮದೇ?’ ಎಂಬ ಪತ್ರ ಬರುತ್ತದೆ. ಆಗ ನೀವು ಅಲ್ಲಿರುವುದಿಲ್ಲ. ರಿಜಿಸ್ಟರ್ ಯಾವ ಬೀರುವಿನಲ್ಲಿದೆ ಎಂದು ಸಹ ಸಂಯೋಜಕರಿಗೆ ಈಗಲೇ ತೋರಿಸಿಡಿ.