ನಾಯಿಮರಿ ಚಪ್ಪಲಿ ಕಡಿಯೋದು, ರಾತ್ರಿ ಅಳೋದು: ನಮ್ಮನೇಲಿ ವರ್ಕ್ ಆಗಿದ್ದು
ಚಪ್ಪಲಿ ಸೋಫಾ ಏನೂ ಉಳಿಸ್ತಿಲ್ಲ ಅಂತ ಬೇಜಾರಲ್ಲಿರೋರಿಗೆ ಹೇಳ್ತಿದೀನಿ, ದಯವಿಟ್ಟು ಮರೀನ ಹೊಡೀಬೇಡಿ. ಸುಮಾರು 4ರಿಂದ 7 ತಿಂಗಳೊಳಗೆ ಅದರ 28 ಹಾಲುಹಲ್ಲು ಬಿದ್ದು 42 ಹೊಸ ಹಲ್ಲು ಬರುತ್ತೆ, ವಸಡು ನೋಯುತ್ತೆ, ಸಿಕ್ಕಿದ್ದನ್ನ ಕಡಿಯುತ್ತೆ ಅಷ್ಟೇ. ನಾನು ಹಳೇ ಟವೆಲ್ ಒದ್ದೆ ಮಾಡಿ ಗಂಟು ಹಾಕಿ ಫ್ರೀಜರ್‌ನಲ್ಲಿಟ್ಟು ಕೊಡ್ತಿದ್ದೆ, ನಮ್ ಚಿನ್ನಿ ಅದನ್ನ ಎರಡೂ ಮುಂಗಾಲಲ್ಲಿ ಒತ್ತಿ ಹಿಡ್ಕೊಂಡು ಕಣ್ಣು ಮುಚ್ಚಿ ಕಡೀತಾ ಕೂತ್ರೆ ಅರ್ಧ ಗಂಟೆ ಸದ್ದೇ ಇಲ್ಲ, ಆದ್ರೆ ನೀವು ಎದುರಿಗೇ ಇರಿ, ದಾರ ಬಿಚ್ಕೊಂಡ್ರೆ ಕಿತ್ಕೊಳ್ಳಿ, ನುಂಗಿದ್ರೆ ಕರುಳಲ್ಲಿ ಸಿಕ್ಕಾಕೊಳ್ಳುತ್ತೆ. ಬೇಯಿಸಿದ ಚಿಕನ್ ಮೂಳೆ ಬೇಡವೇ ಬೇಡ, ಚೂಪಾಗಿ ಸೀಳುತ್ತೆ.

ಇನ್ನು ರಾತ್ರಿ. ಅಮ್ಮನ ಹೊಟ್ಟೆಗೆ ಅಂಟ್ಕೊಂಡು ಮಲಗಿದ್ದ ಮರೀನ ಒಂದೇ ಸಲ ವರಾಂಡದಲ್ಲಿ ಕಟ್ಟಿದ್ರೆ ಅಳದೆ ಏನ್ಮಾಡುತ್ತೆ ಪಾಪ. ಮಂಚದ ಪಕ್ಕ ರಟ್ಟಿನ ಬಾಕ್ಸ್ ಇಟ್ಟು ನಿಮ್ಮ ಹಳೇ ಬನಿಯನ್ ಹಾಸಿ, ನಿಮ್ಮ ವಾಸನೆಗೇ ಸಮಾಧಾನ ಆಗುತ್ತೆ. ಮಲಗೋ ಮುಂಚೆ ಒಂದಕ್ಕೆ ಮಾಡಿಸಿ, ನಡುರಾತ್ರಿ ಕುಂಯ್‌ಗುಟ್ಟಿದ್ರೆ ಆಟ ಆಡಿಸ್ದೆ ಸುಮ್ನೆ ಹೊರಗೆ ಕರ್ಕೊಂಡೋಗಿ ಬಂದು ಮಲಗಿಸಿ. ದಿನಾ ಸ್ವಲ್ಪ ಸ್ವಲ್ಪ ಬಾಕ್ಸ್ ಬಾಗಿಲ ಕಡೆ ಸರಿಸ್ತಾ ಹೋದೆ, ಮೂರು ವಾರಕ್ಕೆ ಚಿನ್ನಿ ಹಾಲ್‌ನಲ್ಲೇ ಮಲಗೋಕೆ ಶುರು ಮಾಡಿದ್ಲು. ಚಾರ್ಜರ್ ವೈರ್ ಮಾತ್ರ ನೆನಪಿಟ್ಕೊಂಡು ಎತ್ತಿಡಿ.